ದೊಡ್ಡಮ್ಮ ಲ್ಯಾಪ್‌ಟಾಪ್ ಕೊಂಡದ್ದು

ಹನ್ನೊಂದು ತಿಂಗಳಿಗೇ ಮಾತು ಬಂದಿದ್ದರಿಂದ ಆ ಹುಡುಗಿಯನ್ನು ಮನೆಯವರೆಲ್ಲ ಗಿಣಿ ಎಂದೇ ಕರೆಯುತ್ತಿದ್ದರು. ಶಾಲೆಯ ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು. ಆ ಹೆಸರು ಹಿಡಿದು ಕೂಗಿದರೆ ಬೇರೆ ಯಾರನ್ನೋ ಕರೆಯುತ್ತಿದ್ದಾರೆಂದು ಅವಳು ಸುಮ್ಮನಿದ್ದುಬಿಡುತ್ತಿದ್ದಳು. ಇಂಥ ಗಿಣಿಗೆ ಇಪ್ಪತ್ತನೆಯ ವಯಸ್ಸಿನಲ್ಲಿ, ಫಾರ್ಮಸಿ ಓದಿನ ಎರಡನೆಯ ವರ್ಷದಲ್ಲಿ, ಮಿದುಳಿನ ಪೊರೆಗೆ ಸೋಂಕು ತಗುಲಿತು. ಹದಿನೇಳು ದಿನ ಆಸ್ಪತ್ರೆಯಲ್ಲಿ ಮಲಗಿದಳು. ಜೀವ ಉಳಿಯಿತು, ಎರಡು ಕಿವಿಗಳೂ ಹೋದವು. ಒಳಗಿವಿಯ ಸುರುಳಿ ಗಟ್ಟಿಯಾಗಿಬಿಟ್ಟಿದೆ, ಯಂತ್ರ ಕೂರಿಸಿದರೂ ಉಪಯೋಗವಿಲ್ಲ ಎಂದು ವೈದ್ಯರು ಹಾಳೆಯ ಮೇಲೆ ಬರೆದು ತೋರಿಸಿದರು. ಅವಳು ಅದನ್ನು ಎರಡು ಸಲ ಓದಿ, "ಡಾಕ್ಟರಾದ್ರೂ ನಿಮ್ಮ ಅಕ್ಷರ ಚೆನ್ನಾಗಿದೆ" ಎಂದಳು. ಹಾಗೆಂದು ಮುಖ ಗೋಡೆಯ ಕಡೆಗೆ ತಿರುಗಿಸಿಕೊಂಡಳು.

ಮಾತನಾಡಲು ಅವಳಿಗೇನೂ ಅಡ್ಡಿಯಿರಲಿಲ್ಲ. ತನ್ನ ದನಿ ತನಗೇ ಕೇಳಿಸದೆ ಒಮ್ಮೊಮ್ಮೆ ಜೋರಾಗುತ್ತಿತ್ತು, ಅಷ್ಟೆ. ಬೇರೆಯವರ ಮಾತು ಅವಳನ್ನು ಮುಟ್ಟುವುದೇ ಕಷ್ಟವಾಗಿತ್ತು. ಮೊದಲ ತಿಂಗಳು ಎಲ್ಲರೂ ಪುಟಗಟ್ಟಲೆ ಬರೆದರು. ಲಿಫ್ಟ್ ರಿಪೇರಿ ಮಾಡುವ ಅಪ್ಪ, ಸಹಿ ಹಾಕಲು ಬಿಟ್ಟರೆ ಪೆನ್ನು ಮುಟ್ಟದವನು, ಆರನೆಯ ಮಹಡಿಯಲ್ಲಿ ಲಿಫ್ಟಿನೊಳಗೆ ಸಿಕ್ಕಿಕೊಂಡ ದಂತವೈದ್ಯನ ಕಥೆಯನ್ನು ಮೂರು ಪುಟ ಬರೆದ. ಆಮೇಲೆ ಆಮೇಲೆ ಪುಟಗಳು ಸಾಲುಗಳಾದವು, ಸಾಲುಗಳು ಪದಗಳಾದವು. ಆರು ತಿಂಗಳಾಗುವಷ್ಟರಲ್ಲಿ ಅಡುಗೆಮನೆಯ ಬಿಳಿ ಹಲಗೆಯ ಮೇಲೆ "ಊಟ", "ಮಾತ್ರೆ", "ಬೇಗ ಬಾ" ಎಂಬಂಥವು ಮಾತ್ರ ಉಳಿದವು. ಊಟದ ಮೇಜಿನಲ್ಲಿ ಎಲ್ಲರೂ ನಕ್ಕಾಗ ಅವಳು "ಏನು?" ಎಂದರೆ, ಅಮ್ಮ ಕೈಯಾಡಿಸಿ "ಆಮೇಲೆ" ಎನ್ನುತ್ತಿದ್ದಳು. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಬರೆಯುವ ಕೈಗೆ ಆಡುವ ನಾಲಿಗೆಯಷ್ಟು ಓಟ ಇರುವುದಿಲ್ಲ.

ಕಾಲೇಜಿಗೆ ಮತ್ತೆ ಹೋಗಿ ನೋಡಿದಳು. ಮಾತನ್ನು ಕೇಳಿ ತಾನೇ ಬರೆಯುವ ಆ್ಯಪ್ ಒಂದನ್ನು ಅಣ್ಣ ಅವಳ ಫೋನಿಗೆ ಹಾಕಿಕೊಟ್ಟಿದ್ದ. ಒಬ್ಬರೇ ಫೋನಿನ ಹತ್ತಿರ ಆಡಿದ ಮಾತನ್ನು ಅದು ಚೆನ್ನಾಗಿಯೇ ಬರೆಯುತ್ತಿತ್ತು, ಊಟದ ಮೇಜಿನ ಗಲಾಟೆಯನ್ನು ಕಲಸಿಬಿಡುತ್ತಿತ್ತು. ಎಂಬತ್ತು ಜನರ ತರಗತಿಯಲ್ಲಿ, ಫ್ಯಾನುಗಳ ಕೆಳಗೆ, ದೂರದಲ್ಲಿ ನಿಂತು ಬೋರ್ಡಿನ ಕಡೆ ಮುಖ ಮಾಡಿಕೊಂಡು ಪಾಠ ಹೇಳುವ ಮೇಷ್ಟ್ರ ಮಾತಿನ ತಲೆಬುಡವಂತೂ ಅದಕ್ಕೆ ತಿಳಿಯುತ್ತಿರಲಿಲ್ಲ. "ರಕ್ತನಾಳ ಒಡೆದರೆ" ಎಂದದ್ದನ್ನು "ರಕ್ತ ನಾಳೆ ಒಡೆದರೆ" ಎಂದು ಬರೆಯಿತು. ಗಿಣಿ ಒಂದು ವಾರ ನಕ್ಕಳು, ಎರಡನೆಯ ವಾರ ಅತ್ತಳು, ಮೂರನೆಯ ವಾರ ಪುಸ್ತಕದ ಚೀಲವನ್ನು ಅಟ್ಟದ ಮೇಲೆ ಹಾಕಿದಳು.

ಅದೇ ಕಟ್ಟಡದ ಕೆಳಗಿನ ಮನೆಯಲ್ಲಿ ಅಮ್ಮನ ಅಕ್ಕ ಇದ್ದಳು. ಗಿಣಿಗೆ ದೊಡ್ಡಮ್ಮ. ನ್ಯಾಯಾಲಯದಲ್ಲಿ ಸ್ಟೆನೋಗ್ರಾಫರ್ ಆಗಿ ಮೂವತ್ತೊಂದು ವರ್ಷ ದುಡಿದು ನಿವೃತ್ತಳಾದವಳು. ಮದುವೆಯಾಗಿರಲಿಲ್ಲ. ಯಾಕೆ ಅಂತ ಕೇಳಿದವರಿಗೆ, "ಸಾಕ್ಷಿಗಳ ಹೇಳಿಕೆ ಬರ್ಕೊಂಡು ಬರ್ಕೊಂಡು ಧೈರ್ಯ ಬರ್ಲಿಲ್ಲ" ಎನ್ನುತ್ತಿದ್ದಳು. ಒಂದು ಭಾನುವಾರ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತಿದ್ದಾಗ, ಗಿಣಿ ತಟ್ಟೆಯ ಅಂಚನ್ನೇ ನೋಡುತ್ತಿರುವುದು ಅವಳ ಕಣ್ಣಿಗೆ ಬಿತ್ತು. ಎದ್ದು ಕೈ ತೊಳೆದಳು. ಗಿಣಿಯ ಹಳೆಯ ಲ್ಯಾಪ್‌ಟಾಪನ್ನು ತಂದು ಮೇಜಿನ ಮೇಲಿಟ್ಟು, ತೆರೆಯನ್ನು ಗಿಣಿಯ ಕಡೆಗೆ ಓರೆಯಾಗಿ ತಿರುಗಿಸಿ, ಟೈಪ್ ಮಾಡತೊಡಗಿದಳು.

ಅಪ್ಪ ಹೇಳಿದ್ದು, ಅಮ್ಮ ಅದಕ್ಕೆ ಕೊಂಕು ತೆಗೆದದ್ದು, ಅಣ್ಣ ಬಾಯಲ್ಲಿ ಅನ್ನ ಇಟ್ಟುಕೊಂಡೇ ನಡುವೆ ಬಾಯಿ ಹಾಕಿದ್ದು, ಎಲ್ಲವೂ ಹೇಳಿದವರ ಹೆಸರಿನೊಡನೆ ಸಾಲುಸಾಲಾಗಿ ತೆರೆಯ ಮೇಲೆ ಬಂತು. ಗಿಣಿ ತುತ್ತು ನುಂಗುವುದನ್ನು ಮರೆತು ಓದಿದಳು. ಓದುತ್ತ ಓದುತ್ತ, "ಅಪ್ಪಾ, ಇದು ಸುಳ್ಳು, ಹೋದ ಸಲ ಆ ದಂತವೈದ್ಯ ಆರನೇ ಮಹಡಿಯಲ್ಲಿ ಸಿಕ್ಕಿಹಾಕ್ಕೊಂಡಿದ್ದ ಅಂತ ಬರೆದಿದ್ದೆ" ಎಂದು ಮಾತಿನ ನಡುವೆಯೇ ಅಪ್ಪನನ್ನು ಹಿಡಿದಳು. ಎಂಟು ತಿಂಗಳಲ್ಲಿ ಅವಳು ಯಾರನ್ನೂ ಮಾತಿನ ನಡುವೆ ಹಿಡಿದಿರಲಿಲ್ಲ. ಅಪ್ಪ ಉತ್ತರ ಕೊಡಲು ಬಾಯಿ ತೆರೆಯುವಷ್ಟರಲ್ಲಿ ಲ್ಯಾಪ್‌ಟಾಪ್ ಪಟ್ಟನೆ ಆರಿತು. ಬ್ಯಾಟರಿ ನಲವತ್ತು ನಿಮಿಷವೂ ಬರುತ್ತಿರಲಿಲ್ಲ. ಅದೂ ಅಲ್ಲದೆ ಎರಡು ಕೀಲಿಗಳು ಒತ್ತಿದರೆ ಮೇಲೇಳುತ್ತಿರಲಿಲ್ಲ.

"ಹೊಸದು ತಗೋತೀನಿ," ಎಂದಳು ದೊಡ್ಡಮ್ಮ ತಂಗಿಗೆ. "ತಗೊಂಡು ಇವಳ ಜೊತೆ ಕಾಲೇಜಿಗೆ ಹೋಗ್ತೀನಿ."

"ಈ ವಯಸ್ಸಲ್ಲಾ ಅಕ್ಕಾ?"

"ನಾನು ಪರೀಕ್ಷೆ ಬರೆಯಲ್ಲ ಕಣೇ. ಮೇಷ್ಟ್ರು ಹೇಳಿದ್ದನ್ನ ಬರೀತೀನಿ."

ವಿಷಯ ತಿಳಿದ ಗಿಣಿಗೆ ಮೊದಲು ಸಂತೋಷವಾಯಿತು, ಆಮೇಲೆ ಮುಖ ಕಂದಿತು. ಪಕ್ಕದಲ್ಲಿ ದೊಡ್ಡಮ್ಮನನ್ನು ಕೂರಿಸಿಕೊಂಡು ತರಗತಿಯಲ್ಲಿ ಕೂರುವುದೆಂದರೆ, ಚಿಕ್ಕ ಮಗುವನ್ನು ಶಾಲೆಗೆ ಬಿಡಲು ಬಂದವರು ಹೊರಗೆ ಹೋಗದೆ ಅಲ್ಲೇ ಕೂತ ಹಾಗೆ. ಕಾಲೇಜಿಗೆ ಹೋಗಿದ್ದ ಆ ವಾರಗಳಲ್ಲೇ ಹುಡುಗಿಯರು ಅವಳ ಪಕ್ಕದ ಜಾಗ ಬಿಟ್ಟು ಕೂರುತ್ತಿದ್ದರು. ಏನು ಮಾತಾಡುವುದೆಂದು ತಿಳಿಯದೆ. ಅದನ್ನು ಬಾಯಿಬಿಟ್ಟು ಹೇಳಲಾರದೆ, "ನೋಡೋಣ. ಮೊದ್ಲು ಅಂಗಡಿಗಂತೂ ಹೋಗೋಣ" ಎಂದಳು.

ಅಣ್ಣ ಕಟ್ಟಡಗಳ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಬಿಡಿಸುವ ಕೆಲಸದವನು. ಲ್ಯಾಪ್‌ಟಾಪ್ ಎಂದದ್ದೇ ತಡ, ಒಂದು ಪಟ್ಟಿ ತಯಾರಿಸಿ ತಂದ: ಹೊಸದರಲ್ಲಿ ಹೊಸ ಪ್ರೊಸೆಸರ್, ಮೂವತ್ತೆರಡು ಜಿಬಿ ರ‍್ಯಾಮ್, ಬೇರೆಯೇ ಗ್ರಾಫಿಕ್ಸ್ ಕಾರ್ಡ್, ಹದಿನಾರು ಇಂಚಿನ ತೆರೆ.

"ಗುಬ್ಬಿ ಹೊಡೆಯೋಕೆ ಫಿರಂಗಿ ಯಾಕೋ?" ಎಂದ ಅಪ್ಪ.

"ಗಿಣಿಗೆ ತಾನೆ? ಇರೋದ್ರಲ್ಲಿ ಒಳ್ಳೇದೇ ಇರ್ಲಿ," ಎಂದ ಅಣ್ಣ. ತಂಗಿ ಕಾಯಿಲೆ ಬಿದ್ದಾಗಿನಿಂದ ಅವಳಿಗೆ ಏನು ತಂದರೂ ಅಂಗಡಿಯಲ್ಲಿದ್ದ ದೊಡ್ಡದನ್ನೇ ತರುತ್ತಿದ್ದ.

ದೊಡ್ಡಮ್ಮ ಆ ಪಟ್ಟಿಯನ್ನು ಮಡಿಸಿ ಪರ್ಸಿನಲ್ಲಿಟ್ಟುಕೊಂಡಳು. ಅವಳದೇ ಒಂದು ಪಟ್ಟಿ ಇತ್ತು, ಶಾರ್ಟ್‌ಹ್ಯಾಂಡಿನಲ್ಲಿ, ಬೇರೆ ಯಾರಿಗೂ ಅರ್ಥವಾಗದಂತೆ. ಒಂಬತ್ತರಿಂದ ಒಂದರವರೆಗೆ ಎಡೆಬಿಡದೆ ತರಗತಿ, ಬೆಂಚಿನ ಹತ್ತಿರ ಪ್ಲಗ್ ಇಲ್ಲ, ಆದ್ದರಿಂದ ಬ್ಯಾಟರಿ. ಮೂರು ಮಹಡಿ ಮೆಟ್ಟಿಲು, ಬಲಭುಜದ ನೋವು, ಆದ್ದರಿಂದ ತೂಕ. ಕೀಲಿ ಸದ್ದು ಮಾಡಬಾರದು, ಹಾಗಂತ ಗೋಡೆಗೆ ಬೆರಳು ಬಡಿದಂತೆಯೂ ಇರಬಾರದು. ಪಕ್ಕದಲ್ಲಿ ಕೂತವಳು ಓದುವಂತೆ ತೆರೆ ಹಿಂದಕ್ಕೆ ಪೂರ್ತಿ ಬಗ್ಗಬೇಕು. ಯಂತ್ರದ ಒಳಗೇನಿರುತ್ತದೋ ಅವಳಿಗೆ ಗೊತ್ತಿರಲಿಲ್ಲ, ಗೊತ್ತೆಂದು ನಟಿಸುವ ಅಭ್ಯಾಸವೂ ಇರಲಿಲ್ಲ.

ಬುಧವಾರ ಬೆಳಗ್ಗೆ ಇಬ್ಬರೂ ಬಸ್ಸು ಹಿಡಿದು ದೊಡ್ಡ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋದರು. ಒಂದು ಗೋಡೆಯ ತುಂಬ ಟಿವಿಗಳು. ಎಲ್ಲದರಲ್ಲೂ ಒಂದೇ ಮೀನು ಒಂದೇ ಕಡೆಗೆ ಈಜುತ್ತಿತ್ತು. ಇನ್ನೊಂದು ಮೂಲೆಯಲ್ಲಿ ಯಾರೋ ಸ್ಪೀಕರ್ ಪರೀಕ್ಷೆ ಮಾಡುತ್ತಿದ್ದರು. ಉದ್ದನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್‌ಗಳನ್ನು ತಂತಿಯಿಂದ ಬಿಗಿದು ಸಾಲಾಗಿ ಇಟ್ಟಿದ್ದರು. ಟೈ ಕಟ್ಟಿದ, ನಲವತ್ತರ ಆಸುಪಾಸಿನ ಸೇಲ್ಸ್‌ಮನ್ ಮುಂದೆ ಬಂದ. ದೊಡ್ಡಮ್ಮ ವಿಷಯ ತಿಳಿಸಿದಳು. ಅವನು ಗಿಣಿಯನ್ನು ಒಮ್ಮೆ ನೋಡಿ, ಆಮೇಲೆ ಪೂರ್ತಿ ದೊಡ್ಡಮ್ಮನ ಕಡೆಗೇ ತಿರುಗಿ ಮಾತಾಡತೊಡಗಿದ. ದೊಡ್ಡಮ್ಮ ಸ್ಟೂಲು ಎಳೆದುಕೊಂಡು ಮೊದಲ ಲ್ಯಾಪ್‌ಟಾಪಿನ ಮುಂದೆ ಕೂತು ಕೀಲಿಗಳ ಮೇಲೆ ಬೆರಳಿಟ್ಟಳು. ತೆರೆಯ ಮೇಲೆ ಹೀಗೆ ಬಂತು:

ಸೇಲ್ಸ್‌ನವರು: ಹುಡುಗಿಗೆ ಕಿವಿ ಕೇಳಿಸೋದೇ ಇಲ್ವಾ? ಅಯ್ಯೋ ಪಾಪ. ನೋಡಿದ್ರೆ ಗೊತ್ತೇ ಆಗಲ್ಲ. ಎಷ್ಟು ಲಕ್ಷಣವಾಗಿದ್ದಾರೆ.

ದೊಡ್ಡಮ್ಮನ ವೃತ್ತಿಧರ್ಮ ಅದು. ಆಡಿದ್ದನ್ನು ಆಡಿದ ಹಾಗೇ ಬರೆಯಬೇಕು, ಸೇರಿಸಬಾರದು, ಬಿಡಬಾರದು. ಗಿಣಿ ಓದಿದಳು.

"ಪಾಪ ಗೀಪ ಬೇಡ," ಎಂದಳು. ದನಿ ಎಷ್ಟು ಜೋರಾಗಿತ್ತೆಂದರೆ ಸ್ಪೀಕರ್ ಪರೀಕ್ಷೆ ಮಾಡುತ್ತಿದ್ದವರು ತಿರುಗಿ ನೋಡಿದರು. "ಇದ್ರ ಬ್ಯಾಟರಿ ಎಷ್ಟು ಹೊತ್ತು ಬರುತ್ತೆ, ಅದನ್ನ ಹೇಳಿ. ಲಕ್ಷಣ ಅಂದದ್ದಕ್ಕೆ ಥ್ಯಾಂಕ್ಸ್."

ಸೇಲ್ಸ್‌ಮನ್‌ನ ಕಿವಿ ಕೆಂಪಾದವು. ಅವನು ತೆರೆಯನ್ನು ನೋಡಿದ, ತನ್ನ ಮಾತು ಅಕ್ಷರವಾಗಿ ನಿಂತಿದ್ದನ್ನು ಓದಿದ. ಒಂದು ಕ್ಷಣ ಟೈ ಸರಿಮಾಡಿಕೊಂಡು, ಈ ಸಲ ನೇರವಾಗಿ ಗಿಣಿಯ ಮುಖ ನೋಡಿ ಹೇಳಿದ: "ಕಂಪೆನಿಯವರು ಹದಿನಾಲ್ಕು ಗಂಟೆ ಅಂತಾರೆ ಮೇಡಂ. ಅದು ತೆರೆ ಮಂಕು ಮಾಡಿ, ಏನೂ ಕೆಲಸ ಮಾಡದೆ ಇಟ್ರೆ. ನೀವು ಏಳು ಗಂಟೆ ಅಂತ ಇಟ್ಕೊಳ್ಳಿ."

ಅಲ್ಲಿಂದ ಮುಂದೆ ಅವನು ಒಳ್ಳೆಯ ಮನುಷ್ಯನಾದ. ಬಹುಶಃ ಮೊದಲೂ ಒಳ್ಳೆಯವನೇ ಇದ್ದಿರಬೇಕು. ಅಣ್ಣನ ಪಟ್ಟಿ ಓದಿ, "ಇವರು ಕಟ್ಟಡ ಕಟ್ತಾರಾ ಇದ್ರಲ್ಲಿ?" ಎಂದು ಕೇಳಿದ. ಬೇರೆ ಗ್ರಾಫಿಕ್ಸ್ ಕಾರ್ಡ್ ಎಂದರೆ ಬಿಸಿ, ಬಿಸಿ ಎಂದರೆ ಒಳಗಿನ ಫ್ಯಾನಿನ ಸದ್ದು, ಸದ್ದಿನ ಜೊತೆಗೆ ತೂಕ, ಎಲ್ಲದರ ಜೊತೆಗೆ ಬ್ಯಾಟರಿ ಬೇಗ ಖಾಲಿ. ಅದನ್ನು ಹೊಡೆದುಹಾಕಿ ಎಂದ. ಟೈಪ್ ಮಾಡಲು ಎಂಟು ಜಿಬಿ ರ‍್ಯಾಮ್ ಸಾಕು, ಆದರೆ ಈಗಿನ ತೆಳು ಯಂತ್ರಗಳಲ್ಲಿ ಅದನ್ನು ಬೆಸುಗೆ ಹಾಕಿಯೇ ಕೊಡುತ್ತಾರೆ, ಆಮೇಲೆ ಹೆಚ್ಚಿಸಲು ಬರುವುದಿಲ್ಲ, ಐದಾರು ವರ್ಷ ಬಾಳಬೇಕೆಂದರೆ ಹದಿನಾರು ತೆಗೆದುಕೊಳ್ಳಿ ಎಂದ. ಹೊಳೆಯುವ ತೆರೆಗಿಂತ ಹೊಳಪಿಲ್ಲದ ತೆರೆ ವಾಸಿ, ಕಿಟಕಿ ಪಕ್ಕ ಕೂತರೆ ಹೊಳೆಯುವ ತೆರೆಯಲ್ಲಿ ನಿಮ್ಮ ಮುಖವೇ ಕಾಣುತ್ತದೆ ಎಂದ. ದೊಡ್ಡಮ್ಮ ಒಂದೊಂದೇ ಲ್ಯಾಪ್‌ಟಾಪಿನ ಮುಂದೆ ಕೂತು ಅವನ ಮಾತನ್ನೆಲ್ಲ ಬರೆಯುತ್ತ ಹೋದಳು. ಹಾಗೆ ಬರೆಯುವುದೇ ಕೀಲಿಗಳ ಪರೀಕ್ಷೆಯೂ ಆಯಿತು. ಒಂದರ ಕೀಲಿ ತೀರ ಚಪ್ಪಟೆ. ಇನ್ನೊಂದರಲ್ಲಿ ಅಂಕಿಗಳಿಗೂ ಜಾಗ ಕೊಟ್ಟು ಅಕ್ಷರಗಳನ್ನು ಎಡಕ್ಕೆ ತಳ್ಳಿಬಿಟ್ಟಿದ್ದರು. "ಇದು ಬಾಡಿಗೆ ಮನೆಯಲ್ಲಿ ಒಲೆ ಮೂಲೆಗಿಟ್ಟ ಹಾಗಿದೆ," ಎಂದು ಎದ್ದಳು.

ಸೇಲ್ಸ್‌ಮನ್ ಬೇರೆ ಮಾದರಿ ತರಲು ಹೋದಾಗಲೂ ಅವಳ ಬೆರಳು ನಿಲ್ಲಲಿಲ್ಲ. ಬಲಗಡೆ ಗಂಡ ಹೆಂಡತಿ ಇಬ್ಬರು ಫೋನ್ ಕೊಳ್ಳುತ್ತಿದ್ದರು.

ಗಂಡ: ಕಪ್ಪೇ ಇರಲಿ. ಕೊಳೆ ಕಾಣಲ್ಲ.

ಹೆಂಡತಿ: ಅದೇ ಮಾತು ಹೇಳಿ ಸೋಫಾನೂ ಕಪ್ಪು ತಂದ್ರಿ. ಈಗ ನೀವು ಅದ್ರ ಮೇಲೆ ಕೂತಿದ್ರೂ ಕಾಣಲ್ಲ.

ಗಿಣಿಗೆ ನಗು ತಡೆಯಲಾಗಲಿಲ್ಲ. ಬಾಯಿಗೆ ಕೈ ಅಡ್ಡ ಹಿಡಿದು ಮೇಜಿಗೆ ಹಣೆ ಒತ್ತಿ ನಕ್ಕಳು. ಪಾಠಕ್ಕಿಂತ ಹೆಚ್ಚಾಗಿ ತನಗೆ ಇಷ್ಟು ದಿನ ಇಲ್ಲದೆ ಹೋದದ್ದು ಇದು ಎಂದು ಅವಳಿಗೆ ಆಗ ಅನ್ನಿಸಿತು: ತನಗೆ ಸಂಬಂಧವಿಲ್ಲದ ಮಾತು.

ಕೊನೆಗೆ ಎರಡು ಉಳಿದವು. ಒಂದು, ತೆರೆ ಪೂರ್ತಿ ಹಿಂದಕ್ಕೆ ಮಡಚುವಂಥದ್ದು. ಇನ್ನೊಂದು ಸಾಧಾರಣದ್ದು, ಸ್ವಲ್ಪ ಹಗುರ. ಆಗ ಗಿಣಿ ಹೇಳಿದಳು, "ತರಗತಿಯಲ್ಲಿ ಮೇಷ್ಟ್ರು ಪಕ್ಕದಲ್ಲಿ ನಿಂತು ಹೇಳಲ್ಲ ದೊಡ್ಡಮ್ಮಾ. ಇವರು ಆ ಫ್ರಿಜ್‌ಗಳ ಹತ್ರ ಹೋಗಿ ನಿಂತು ಮಾತಾಡಲಿ. ಆ ಕಡೆ ಮುಖ ಮಾಡ್ಕೊಂಡು. ನೋಡೋಣ."

ಸೇಲ್ಸ್‌ಮನ್‌ಗೆ ಹುರುಪು ಬಂತು. ಫ್ರಿಜ್‌ಗಳ ಸಾಲಿನ ಹತ್ತಿರ ನಿಂತು, ಬೆನ್ನು ಇವರ ಕಡೆ ಹಾಕಿ, ಕೈ ಎತ್ತಿ ಗಾಳಿಯಲ್ಲಿ ಬೋರ್ಡ್ ಬರೆಯುತ್ತ, ಎರಡು ಬಾಗಿಲಿನ ಫ್ರಿಜ್ಜಿನ ಗುಣಗಳ ಬಗ್ಗೆ ಪಾಠ ಶುರುಮಾಡಿದ. ತೆರೆಯ ಮೇಲೆ ಮೊದಲು ಒಂದು ಸಾಲು ಸರಿಯಾಗಿ ಬಂತು. ಎರಡನೆಯ ಸಾಲಿನ ನಡುವೆ ಒಂದು ಪದ: (ಅಸ್ಪಷ್ಟ). ನ್ಯಾಯಾಲಯದಲ್ಲಿ ಸಾಕ್ಷಿಯ ಮಾತು ಕೇಳಿಸದಿದ್ದಾಗ ಬರೆಯುವ ಪದ ಅದು. ಮೂರನೆಯ ಸಾಲಿನಲ್ಲಿ ಎರಡು ಕಡೆ. ಆಮೇಲೆ ಅರ್ಧಕ್ಕರ್ಧ ಅದೇ.

ಗಿಣಿ ತೆರೆಯಿಂದ ಕಣ್ಣೆತ್ತಿ ದೊಡ್ಡಮ್ಮನನ್ನು ನೋಡಿದಳು. ದೊಡ್ಡಮ್ಮ ಬಲಗಿವಿಯನ್ನು ಮುಂದೆ ಮಾಡಿ, ಕುತ್ತಿಗೆ ಉದ್ದ ಮಾಡಿ, ಹುಬ್ಬು ಗಂಟಿಕ್ಕಿಕೊಂಡು ಕೂತಿದ್ದಳು. ಆ ಭಂಗಿ ಗಿಣಿಗೆ ಚೆನ್ನಾಗಿ ಗೊತ್ತಿತ್ತು. ಆಸ್ಪತ್ರೆಯಿಂದ ಬಂದ ಮೊದಲ ದಿನಗಳಲ್ಲಿ, ಇನ್ನೂ ಆಸೆ ಇದ್ದಾಗ, ತಾನೇ ಹಾಗೆ ಕೂರುತ್ತಿದ್ದಳು.

"ದೊಡ್ಡಮ್ಮಾ," ಎಂದಳು. ಈ ಸಲ ಅವಳ ದನಿ ಮೆಲ್ಲಗಿತ್ತು. "ನಿಂಗೂ ಕೇಳಿಸ್ತಿಲ್ಲ."

ದೊಡ್ಡಮ್ಮನ ಬೆರಳು ಕೀಲಿಗಳ ಮೇಲೇ ನಿಂತವು. ಫ್ರಿಜ್ಜಿನ ಪಾಠ ನಡೆಯುತ್ತಲೇ ಇತ್ತು. ಅವಳು ಬರೆದಳು: "ಎಡಗಿವಿ. ನಾಲ್ಕು ವರ್ಷ ಆಯ್ತು. ಬಲಗಿವಿಯೂ ಈಗೀಗ ಅಷ್ಟಕ್ಕಷ್ಟೆ."

"ಯಾರಿಗೂ ಹೇಳಿಲ್ವಾ?"

ದೊಡ್ಡಮ್ಮ ಇಲ್ಲವೆಂದು ತಲೆಯಾಡಿಸಿ ಬರೆಯುತ್ತ ಹೋದಳು. ನಿವೃತ್ತಿಗೆ ಇನ್ನೂ ಎರಡು ವರ್ಷವಿರುವಾಗಲೇ ಕೆಲಸ ಬಿಟ್ಟದ್ದು, ಎಲ್ಲರಿಗೂ ಹೇಳಿದ್ದ ಹಾಗೆ, ಬೇಸರದಿಂದಲ್ಲ. ಒಬ್ಬ ಸಾಕ್ಷಿ "ನಾನು ಕಂಡಿಲ್ಲ" ಎಂದಿದ್ದ. ಇವಳು "ನಾನು ಕಂಡೆನಲ್ಲ" ಎಂದು ಬರೆದಿದ್ದಳು. ನ್ಯಾಯಾಧೀಶರು ಓದಿಸಿದಾಗ ತಪ್ಪು ಸಿಕ್ಕಿತು, ತಿದ್ದಿದರು, ಯಾರೂ ಒಂದು ಮಾತನ್ನೂ ಆಡಲಿಲ್ಲ. ಆದರೆ ಅವತ್ತು ಮನೆಗೆ ಬಂದ ಮೇಲೂ ಓದಿಸದೆ ಹೋಗಿದ್ದರೆ ಏನಾಗುತ್ತಿತ್ತು ಎಂಬುದೇ ತಲೆಯಲ್ಲಿ. ಮರುವಾರ ಅರ್ಜಿ ಕೊಟ್ಟಳು.

ಗಿಣಿಗೆ ಮೊದಲು ಬಂದದ್ದು ಸಿಟ್ಟು. "ಮತ್ತೆ ನನ್ನನ್ನ ನಂಬಿಸಿ ಕ್ಲಾಸಿಗೆ ಕರ್ಕೊಂಡು ಹೋಗೋಕೆ ಹೊರಟಿದ್ದೆಯಲ್ಲ. ನಾನು ಔಷಧ ಓದೋಳು. ಹೆಸರಲ್ಲಿ ಒಂದಕ್ಷರ ತಪ್ಪಿದ್ರೂ ಬೇರೆ ಔಷಧ ಆಗುತ್ತೆ."

"ಮುಂದಿನ ಬೆಂಚಲ್ಲಿ ಕೂತ್ರೆ ಸರಿಹೋಗುತ್ತೆ ಅಂದ್ಕೊಂಡೆ," ಎಂದು ಬರೆದಳು ದೊಡ್ಡಮ್ಮ. ಆಮೇಲೆ, "ತಪ್ಪಾಯ್ತು" ಎಂದು ಬರೆದಳು. ಆಮೇಲೆ ಕೈಗಳನ್ನು ಮಡಿಲಿಗೆ ತೆಗೆದುಕೊಂಡಳು. ಅರವತ್ತೊಂದು ವರ್ಷದ ಆ ಕೈಗಳು ಕೆಲಸವಿಲ್ಲದೆ ಕೂತದ್ದನ್ನು ಗಿಣಿ ನೋಡಿದ್ದು ಕಡಿಮೆ. ಸಿಟ್ಟು ಅಲ್ಲಿಗೇ ಇಳಿಯಿತು. ತನಗೆ ಕೇಳಿಸದ್ದನ್ನು ಕೇಳಿಸಿತೆಂದು ತಲೆಯಾಡಿಸಿದ ಲೆಕ್ಕವಿಲ್ಲದಷ್ಟು ಸಲಗಳು ಅವಳಿಗೆ ನೆನಪಾದವು.

ಸೇಲ್ಸ್‌ಮನ್ ಪಾಠ ಮುಗಿಸಿ ಬೆವರು ಒರೆಸಿಕೊಳ್ಳುತ್ತ ಬಂದ. "ಹೇಗಿತ್ತು?" ಎಂದು ಕೈಸನ್ನೆಯಲ್ಲೇ ಕೇಳಿದ.

"ನೀವು ಹೇಳಿದ್ದು ಅರ್ಧ ಬರಲಿಲ್ಲ," ಎಂದಳು ಗಿಣಿ. "ಇವರಿಗೆ ದೂರದ ಮಾತು ಕೇಳಿಸಲ್ಲ. ವಿಡಿಯೋ ತೆಗೆಯೋರು ಅಂಗಿ ಕಾಲರಿಗೆ ಒಂದು ಚಿಕ್ಕ ಮೈಕು ಸಿಗಿಸ್ತಾರಲ್ಲ, ತಂತಿ ಇಲ್ದೇ ಇರೋದು? ಅದನ್ನ ಮೇಷ್ಟ್ರಿಗೆ ಹಾಕಿ, ಅದರ ಸದ್ದು ಲ್ಯಾಪ್‌ಟಾಪಿಂದ ಇವರ ಕಿವಿಗೆ ಬರೋ ಹಾಗೆ ಮಾಡೋಕಾಗುತ್ತಾ?"

ಸೇಲ್ಸ್‌ಮನ್ ಉತ್ತರಿಸುವ ಬದಲು ಕ್ಯಾಮೆರಾ ವಿಭಾಗದ ಕಡೆಗೆ ಹೆಚ್ಚುಕಡಿಮೆ ಓಡಿದ. ಬೆರಳ ಗಾತ್ರದ ಮೈಕು, ಲ್ಯಾಪ್‌ಟಾಪಿಗೆ ಚುಚ್ಚುವ ಅದರ ಪುಟ್ಟ ಜೋಡಿ, ಕಿವಿ ಮುಚ್ಚುವ ಹೆಡ್‌ಫೋನು ತಂದ. ಮಡಚುವ ತೆರೆಯ ಯಂತ್ರ ಎಷ್ಟು ತೆಳ್ಳಗಿತ್ತೆಂದರೆ ಅದರಲ್ಲಿ ಹೆಡ್‌ಫೋನ್ ಚುಚ್ಚುವ ತೂತೇ ಇರಲಿಲ್ಲ. ಸಾಧಾರಣದ್ದರಲ್ಲಿ ಇತ್ತು. ಮೈಕನ್ನು ಕಾಲರಿಗೆ ಸಿಗಿಸಿಕೊಂಡು ಅವನು ಮತ್ತೆ ಫ್ರಿಜ್‌ಗಳ ಹತ್ತಿರ ಹೋದ. ದೊಡ್ಡಮ್ಮ ಹೆಡ್‌ಫೋನ್ ಹಾಕಿಕೊಂಡಳು. ಮೊದಲ ಮಾತಿಗೇ ಅವಳು ಬೆಚ್ಚಿ ನೆಟ್ಟಗೆ ಕೂತಳು. ಅವನು ಉಸಿರೆಳೆದದ್ದೂ ಕೇಳಿಸಿತು. ಆಮೇಲೆ ತೆರೆಯ ಮೇಲೆ ಸಾಲುಗಳು ಓಡತೊಡಗಿದವು, ತಂಪು ಗಾಳಿ ಸುತ್ತುವ ರೀತಿ, ತರಕಾರಿಯ ಪೆಟ್ಟಿಗೆ, ಮಂಜುಗಡ್ಡೆಯ ತಟ್ಟೆ, ಒಂದು ಪದವೂ ಬಿಡದೆ. ಬರೆಯುತ್ತ ಬರೆಯುತ್ತ ಅವಳ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಗಿಣಿಯೇ ಅವಳ ಸೆರಗಿನ ತುದಿಯಿಂದ ಒರೆಸಿದಳು.

"ಮೈಕು ಇದ್ಮೇಲೆ ಫೋನೇ ಬರ್ಕೊಳ್ಳಲ್ವಾ ಮೇಡಂ?" ಎಂದು ಸೇಲ್ಸ್‌ಮನ್ ಆಮೇಲೆ ಕೇಳಿದ. ಮಾಲು ಮಾರುವವನು ಕೇಳಬಾರದ ಪ್ರಶ್ನೆ, ಆದರೂ ಕೇಳಿದ. ಅದನ್ನೂ ಪರೀಕ್ಷಿಸಿದರು. ಫ್ರಿಜ್ಜಿನ ವಿಷಯವನ್ನು ಫೋನು ಸುಮಾರಾಗಿ ಬರೆಯಿತು. ಗಿಣಿ ತಾನೇ ಮೈಕು ಹಿಡಿದು ಐದು ಔಷಧಗಳ ಹೆಸರು ಹೇಳಿದಳು. ಫೋನು ಒಂದನ್ನು ಊರಿನ ಹೆಸರಾಗಿಸಿತು, ಇನ್ನೊಂದನ್ನು ಯಾರೋ ಹೆಂಗಸಿನ ಹೆಸರಾಗಿಸಿತು. ದೊಡ್ಡಮ್ಮ ಮೂರು ತಪ್ಪು ಬರೆದಳು.

"ನಂಗೆ ಪುಸ್ತಕ ಕೊಡು," ಎಂದು ಬರೆದಳು. "ಒಂದು ತಿಂಗಳು. ಹೆಸರು ಕಲೀತೀನಿ. ಅದು ಕಲಿಯಲ್ಲ."

ತೆರೆ ಮಡಚುವ ಅಗತ್ಯವೂ ಹೋಯಿತು. ದೊಡ್ಡಮ್ಮ ಬರೆದದ್ದು ಅದೇ ಕ್ಷಣ ಗಿಣಿಯ ಫೋನಿನಲ್ಲೂ ಕಾಣುವಂತೆ ಒಂದು ಪುಟವನ್ನು ಹಂಚಿಕೊಂಡರಾಯಿತು ಎಂದು ಸೇಲ್ಸ್‌ಮನ್ ಮಾಡಿ ತೋರಿಸಿದ. ಹಾಗಾದರೆ ಪಕ್ಕದಲ್ಲೇ ಕೂರಬೇಕಾಗಿಲ್ಲ. ಗಿಣಿ ಅದನ್ನು ಬಾಯಲ್ಲಿ ಹೇಳಲಿಲ್ಲ, ಆದರೆ ಮುಖ ಅರಳಿದ್ದು ದೊಡ್ಡಮ್ಮನಿಗೆ ಕಂಡಿತು.

"ನಾನು ಹಿಂದಿನ ಬೆಂಚಲ್ಲಿ ಕೂರ್ತೀನಿ," ಎಂದು ಬರೆದಳು. "ಶಾಲೇಲಿದ್ದಾಗ ಒಂದು ದಿನಾನೂ ಕೂರಕ್ಕೆ ಬಿಟ್ಟಿರ್ಲಿಲ್ಲ."

ಹದಿನಾಲ್ಕು ಇಂಚು, ಹೊಳಪಿಲ್ಲದ ತೆರೆ, ಹದಿನಾರು ಜಿಬಿ, ಒಂದು ಕಿಲೋ ಮುನ್ನೂರು ಗ್ರಾಂ ತೂಕದ, ನೋಡಲು ಏನೂ ವಿಶೇಷವಿಲ್ಲದ ಬೂದು ಬಣ್ಣದ ಲ್ಯಾಪ್‌ಟಾಪನ್ನು ಅವತ್ತೇ ಮನೆಗೆ ತಂದರು. ಅಣ್ಣ ಪೆಟ್ಟಿಗೆ ತೆರೆದು, ತನ್ನ ಪಟ್ಟಿಯಲ್ಲಿದ್ದುದರಲ್ಲಿ ಒಂದೂ ಇಲ್ಲವೆಂದು ತುಸು ಮುನಿದ. ಆಮೇಲೆ ತನ್ನ ಟ್ಯಾಬ್ಲೆಟ್ ತಂದು, "ಫೋನಿನ ತೆರೆ ಚಿಕ್ಕದು. ಇದ್ರಲ್ಲಿ ಓದು" ಎಂದು ತಂಗಿಗೆ ಕೊಟ್ಟ. ತನ್ನ ಕಿವಿಯ ವಿಷಯವನ್ನು ದೊಡ್ಡಮ್ಮ ಗಿಣಿಯ ಅಮ್ಮನಿಗೆ ತಾನೇ ಹೇಳಿದಳು. ಗಿಣಿ ಮುಂದಿನ ವಾರಕ್ಕೇ ಕಿವಿ ಪರೀಕ್ಷೆಗೆ ಸಮಯ ಗೊತ್ತುಮಾಡಿದಳು. ತಾನು ಮಲಗಿದ್ದ ಆ ಆಸ್ಪತ್ರೆಯ ಯಾವ ಕಿಟಕಿಯಲ್ಲಿ ಚೀಟಿ, ಯಾವ ಬಾಗಿಲಲ್ಲಿ ಕಾಯುವುದು ಎಲ್ಲ ಅವಳಿಗೆ ಬಾಯಿಪಾಠವಾಗಿತ್ತು.

ಒಂದು ತಿಂಗಳು ದೊಡ್ಡಮ್ಮ ಔಷಧಗಳ ಹೆಸರು ಕಲಿತಳು. ಗಿಣಿ ಹೇಳುವುದು, ಅವಳು ಟೈಪ್ ಮಾಡುವುದು. "ಇಷ್ಟು ಉದ್ದದ ಹೆಸರಿಟ್ರೆ ರೋಗಿ ಹೆಸರು ಹೇಳೋಷ್ಟರಲ್ಲೇ ವಾಸಿಯಾಗ್ಬೇಕು," ಎಂದು ಗೊಣಗಿದಳು, ಆದರೆ ಕಲಿತಳು.

ಪ್ರಿನ್ಸಿಪಾಲರ ಒಪ್ಪಿಗೆ ಪಡೆದು ಇಬ್ಬರೂ ಕಾಲೇಜಿಗೆ ಹೋದ ಮೊದಲ ದಿನ ಔಷಧಗುಣದ ಪಾಠ ಹೇಳುವ ಮೇಷ್ಟ್ರು ಮೈಕನ್ನು ಕಾಲರಿಗೆ ಸಿಗಿಸಿಕೊಳ್ಳುವಾಗ ಮುಖ ಸಿಂಡರಿಸಿದರು. ಗಿಣಿ ಮೂರನೆಯ ಸಾಲಿನಲ್ಲಿ, ದೊಡ್ಡಮ್ಮ ಕೊನೆಯ ಬೆಂಚಿನಲ್ಲಿ. ಪಾಠ ಸರಿಯಾಗಿಯೇ ನಡೆಯಿತು. ಗಂಟೆಯಾಯಿತು. ಮೇಷ್ಟ್ರು ಮೈಕು ಆರಿಸುವುದನ್ನು ಮರೆತು ಹೊರಗೆ ಹೋದರು. ಗಿಣಿಯ ಟ್ಯಾಬ್ಲೆಟ್ಟಿನಲ್ಲಿ ಸಾಲುಗಳು ಮುಂದುವರಿದವು:

ಮೇಷ್ಟ್ರು (ಫೋನಿನಲ್ಲಿ): ಮರೆತಿಲ್ಲ ಕಣೇ. ಬರ್ತಾ ತರ್ತೀನಿ. ಅರ್ಧ ಕಿಲೋ ತಾನೆ? ಇಲ್ಲ, ನಾನ್ಯಾಕೆ ಜೋರು ಮಾಡ್ಲಿ, ನಿನ್ ಮೇಲೆ ಜೋರು ಮಾಡೋ ಧೈರ್ಯ ಯಾರಿಗಿದೆ.

ಗಿಣಿ ಕಿಸಕ್ಕೆಂದಳು. ಒಂದು ಜಾಗ ಬಿಟ್ಟು ಕೂತಿದ್ದ ಹುಡುಗಿ ಏನೆಂದು ಬಗ್ಗಿ ನೋಡಿದಳು, ಓದಿದಳು, ಮುಂದೆ ಓದಲು ಪಕ್ಕಕ್ಕೆ ಸರಿದು ಬಂದಳು. ಅವಳ ಹಿಂದೆ ಇನ್ನಿಬ್ಬರು. ಅಷ್ಟು ಹೊತ್ತಿಗೆ ಕೊನೆಯ ಬೆಂಚಿನಲ್ಲಿ ದೊಡ್ಡಮ್ಮನಿಗೆ ತಾನು ಬರೆಯುತ್ತಿರುವುದೇನೆಂದು ಅರಿವಾಯಿತು, ಕೈ ತೆಗೆದಳು. ಮರುದಿನ ಮೇಷ್ಟ್ರ ಬಳಿ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮೇಷ್ಟ್ರು, "ಅರ್ಧ ಕಿಲೋ ಅಂದದ್ದು ಬರ್ದಿದ್ದೀರಾ? ನಾನು ಕಾಲು ಕಿಲೋ ತಗೊಂಡು ಹೋಗಿ ಬೈಸ್ಕೊಂಡೆ" ಎಂದರು. ಅಲ್ಲಿಂದ ಮೈಕು ಹಾಕಿಕೊಳ್ಳುವಾಗ ಅವರು ಮುಖ ಸಿಂಡರಿಸಲಿಲ್ಲ.

ಎಲ್ಲವೂ ನೆಟ್ಟಗೆ ನಡೆಯಿತೆಂದಲ್ಲ. ಪ್ರಯೋಗಾಲಯದಲ್ಲಿ ಲ್ಯಾಪ್‌ಟಾಪ್ ಇಡಲು ಜಾಗವಿರಲಿಲ್ಲ. ಅಲ್ಲಿ ಗಿಣಿ ಇತರರ ಕೈ ನೋಡಿಯೇ ಕಲಿಯಬೇಕಾಯಿತು, ಎರಡು ಸಲ ಗಾಜು ಒಡೆದಳು. ಇಂಟರ್ನೆಟ್ ನಿಂತ ದಿನ ದೊಡ್ಡಮ್ಮ ಮೂರನೆಯ ಸಾಲಿಗೇ ಬಂದು ಕೂರಬೇಕಾಯಿತು. ಆ ವರ್ಷದ ಪರೀಕ್ಷೆಯಲ್ಲಿ ಗಿಣಿ ಒಂದು ವಿಷಯ ಬಿಟ್ಟು ಎಲ್ಲದರಲ್ಲೂ ಪಾಸಾದಳು. ಉಳಿದದ್ದನ್ನು ಎರಡು ತಿಂಗಳ ನಂತರ ಬರೆದು ಮುಗಿಸಿದಳು.

ದೊಡ್ಡಮ್ಮನ ಕಿವಿಗೆ ಶ್ರವಣಯಂತ್ರ ಕೂರಿಸಿದ ದಿನ ಅವಳಿಗೆ ತರಗತಿಗೆ ಹೋಗಲಾಗಲಿಲ್ಲ. ಅವತ್ತು, ಮೊದಲು ಜಾಗ ಬಿಟ್ಟು ಕೂರುತ್ತಿದ್ದ ಆ ಹುಡುಗಿ, "ನಾನು ಬರೀಲಾ?" ಎಂದು ಟ್ಯಾಬ್ಲೆಟ್ಟಿನ ಮೇಲೆ ಬರೆದು ಕೇಳಿ, ಗಿಣಿ ತಂದಿದ್ದ ಲ್ಯಾಪ್‌ಟಾಪ್ ಎಳೆದುಕೊಂಡಳು. ಎರಡು ಬೆರಳಲ್ಲಿ ಕುಟ್ಟುತ್ತಿದ್ದಳು. ಮೇಷ್ಟ್ರ ಮಾತು ಮುಂದೆ ಮುಂದೆ, ಅವಳ ಬೆರಳು ಹಿಂದೆ ಹಿಂದೆ. ಮೇಷ್ಟ್ರು ಅದನ್ನು ಗಮನಿಸಿ, ಒಂದು ವಾಕ್ಯ ಹೇಳಿ, ಅವಳು ತಲೆಯೆತ್ತುವವರೆಗೆ ಕಾದು, ಆಮೇಲೆ ಇನ್ನೊಂದು ವಾಕ್ಯ ಹೇಳಿದರು. ಎಂಬತ್ತು ಜನರಿಗೂ ಅವತ್ತಿನ ಟಿಪ್ಪಣಿ ಪೂರ್ತಿಯಾಗಿ ಸಿಕ್ಕಿತು.

ಸಂಜೆ ದೊಡ್ಡಮ್ಮ ಆ ಪುಟಗಳನ್ನು ಓದಿದಳು.

"ಯಾರು ಬರ್ದಿದ್ದು?" ಎಂದು ಅದರ ಕೆಳಗೇ ಬರೆದಳು.

ಗಿಣಿ ಹೇಳಿದಳು.

"ಕೀಲಿಗಳ ಮಧ್ಯದ ಸಾಲಿನ ಮೇಲೆ ಬೆರಳಿಡೋದು ಯಾರೂ ಹೇಳ್ಕೊಟ್ಟಿಲ್ಲ ಅವಳಿಗೆ," ಎಂದು ಬರೆದಳು ದೊಡ್ಡಮ್ಮ. "ಶನಿವಾರ ಬರೋಕೆ ಹೇಳು."

ಶನಿವಾರ ಆ ಹುಡುಗಿ ಬಂದಳು. ಜೊತೆಗೆ ಇನ್ನಿಬ್ಬರನ್ನು ಕರೆತಂದಿದ್ದಳು. ದೊಡ್ಡಮ್ಮನ ಮನೆಯಲ್ಲಿ ಇದ್ದದ್ದು ಎರಡೇ ಕುರ್ಚಿ. ಗಿಣಿ ಮೇಲಿನ ಮನೆಗೆ ಹೋಗಿ ಇನ್ನೆರಡನ್ನು ಹೊತ್ತು ತಂದಳು.